ಸುಣ್ಣದ ಗೀಟು

ನನ್ನ ಗಂಡನನ್ನು ಜೈಲಿಗೆ ಕಳಿಸಿದ್ದು ಮ್ಯಾಜಿಸ್ಟ್ರೇಟರಲ್ಲ, ನಾನು. ಅವರು ಐವತ್ತು ರೂಪಾಯಿ ದಂಡ, ತಪ್ಪಿದರೆ ಮೂವತ್ತು ದಿನ ಸಾದಾ ಸಜೆ ಎಂದಿದ್ದರು. ಎರಡರಲ್ಲಿ ಒಂದನ್ನು ಆರಿಸಿದವಳು ನಾನು, ಅದೂ ಕೂಡಿಸಿ ಕಳೆದು ನೋಡಿ. ನಾಲ್ಕನೇ ಇಯತ್ತೆಯವರೆಗೆ ಓದಿದ್ದೆನಲ್ಲ, ಕೇರಿಯಲ್ಲಿ ಹಾಗೆ ಓದಿದ ಹೆಂಗಸು ನಾನೊಬ್ಬಳೇ ಇದ್ದೆನಲ್ಲ, ನನ್ನ ಲೆಕ್ಕದ ಮೇಲೆ ನನಗೆ ಬಹಳ ಗರ್ವ ಇತ್ತು. ಈಗ ಹೀಗೆ ಬರೆಯುವಷ್ಟು ಓದು ಬರಹವೆಲ್ಲ ಆಮೇಲೆ ಮಕ್ಕಳ ಪುಸ್ತಕ ಹಿಡಿದು ಕಲಿತದ್ದು.

ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದ ಮೇಲಿನ ಎರಡನೇ ಮಳೆಗಾಲ ಅದು. ನಮ್ಮದು ಸಿದ್ದಾಪುರ ತಾಲೂಕು, ಹೆಗ್ಗರಣೆಯಿಂದ ಆಚೆ ಎರಡು ಮೈಲಿ ನಡೆದರೆ ಸಿಗುವ ಒಂಬತ್ತು ಮನೆಯ ಕೇರಿ. ಒಂಬತ್ತೂ ಗೇಣಿ ಒಕ್ಕಲು. ನಮಗಿದ್ದದ್ದು ಇಪ್ಪತ್ತೈದು ಗುಂಟೆ ಗದ್ದೆ, ಒಂದು ಜೊತೆ ಎತ್ತು, ಎರಡು ವರ್ಷದ ಮಗಳು, ಮತ್ತು ನನ್ನ ಅತ್ತೆ. ಗದ್ದೆ ನಮ್ಮದು ಎಂದೆನೇ? ಒಡೆಯರದು. ನಾವು ಬೆಳೆದು ಅಳೆದುಕೊಡುವವರು.

ನಮ್ಮವರ ಅಪರಾಧ ಏನೆಂದರೆ ನೇಗಿಲು. ಹಳೆಯ ನೇಗಿಲು ಸೀಳಿತ್ತು. ನೇಗಿಲಿಗೆ ತಾನಾಗಿಯೇ ಬಾಗಿದ ಕೊಂಬೆ ಬೇಕು, ಅಂಥದ್ದು ಕಾಡಿನಲ್ಲೇ ಸಿಗಬೇಕು. ರೈತನಿಗೆ ಅದನ್ನು ಕಡಿಯಲು ಪಾಸು ಕೊಡುತ್ತಿದ್ದರು, ಪುಕ್ಕಟೆಯಾಗಿಯೇ. ಆದರೆ ಆ ಪುಕ್ಕಟೆ ಪಾಸಿಗೆ ನಮ್ಮವರು ಎರಡು ಸಲ ಸಿದ್ದಾಪುರಕ್ಕೆ ನಡೆದು ಬಂದಿದ್ದರು. ಮೊದಲ ಸಲ ಸಾಹೇಬರಿರಲಿಲ್ಲ, ಎರಡನೇ ಸಲ ಅರ್ಜಿ ಸರಿ ಇರಲಿಲ್ಲ. ಮೂರನೇ ಸಲ ಹೋಗುವ ಬದಲು ಕತ್ತಿ ತೆಗೆದುಕೊಂಡು ಕಾಡಿಗೆ ಹೋದರು. ಮತ್ತಿ ಮರದ ಒಂದು ಕೊಂಬೆ ಹೊತ್ತು ಬರುವಾಗ ಗಾರ್ಡು ಎದುರಾದ. ಆ ದಿನಗಳಲ್ಲಿ ಯಲ್ಲಾಪುರದ ಕಾಡಿನಿಂದ ತೇಗದ ದಿಮ್ಮಿ ತುಂಬಿದ ಲಾರಿಗಳು ದಿನಾ ಇಳಿಯುತ್ತಿದ್ದವು. ಅವಕ್ಕೆ ಪಾಸು ಇತ್ತು, ನಮ್ಮ ಕೊಂಬೆಗೆ ಇರಲಿಲ್ಲ. ಕಾನೂನಿನ ಕಣ್ಣಿಗೆ ಅಷ್ಟೇ ಕಂಡಿತು.

ಕೋರ್ಟಿನಲ್ಲಿ ನಮ್ಮವರು ಹೌದು, ಕಡಿದೆ ಎಂದರು. ಕಡಿದದ್ದು ನಿಜ, ಸುಳ್ಳು ಹೇಳಿ ಅಭ್ಯಾಸವಿಲ್ಲ. ತೀರ್ಪು ಕೇಳಿ ಹೊರಗಿನ ಜಗಲಿಯಲ್ಲಿ ನಿಂತಾಗ ಒಡೆಯರ ಹತ್ತಿರ ಐವತ್ತು ರೂಪಾಯಿ ಕೇಳಿ ನೋಡುತ್ತೇನೆ ಎಂದರು. ಅಲ್ಲಿ ನನ್ನ ಗರ್ವ ಬಾಯಿ ಹಾಕಿತು. ಒಡೆಯರು ಕೊಡುತ್ತಾರೆ, ಸುಗ್ಗಿಯಲ್ಲಿ ಭತ್ತದ ರೂಪದಲ್ಲಿ ಒಂದೂವರೆ ಪಟ್ಟು ತೆಗೆದುಕೊಳ್ಳುತ್ತಾರೆ, ಆಮೇಲೆ ವರ್ಷವಿಡೀ ಅವರೆದುರು ಕೈ ಕಟ್ಟಿ ನಿಲ್ಲಬೇಕು. ನಾನು ಬೆರಳು ಮಡಚಿ ಹೇಳಿದೆ: ದಿನಕ್ಕೆ ಒಂದೂಕಾಲು ರೂಪಾಯಿ ಕೂಲಿ ಎಂದರೆ ಮೂವತ್ತು ದಿನಕ್ಕೆ ಮೂವತ್ತೇಳೂವರೆ. ಜೈಲಿನಲ್ಲಿ ಊಟ ಸರಕಾರದ್ದು, ಮನೆಯಲ್ಲಿ ದಿನಕ್ಕೆ ಎಂಟಾಣೆಯ ಊಟ ಉಳಿಯಿತು, ಅದು ಹದಿನೈದು. ಅಂದರೆ ನಷ್ಟ ಇಪ್ಪತ್ತೆರಡೂವರೆ ಮಾತ್ರ. ದಂಡ ಐವತ್ತು. ಜೈಲಿಗೆ ಹೋದರೆ ಇಪ್ಪತ್ತೇಳೂವರೆ ರೂಪಾಯಿ ಲಾಭ.

"ಕೂತು ಉಂಡು ಬನ್ನಿ. ಮೂವತ್ತೇ ದಿನ ಅಲ್ದಾ," ಎಂದೆ.

ಅವರು ನನ್ನ ಮುಖ ನೋಡಿದರು. ಲೆಕ್ಕ ನನ್ನದು, ಒಪ್ಪಿದವರು ಅವರು. ಪೊಲೀಸರು ಬಸ್ಸಿನಲ್ಲಿ ಶಿರಸಿಯ ಜೈಲಿಗೆ ಕರೆದುಕೊಂಡು ಹೋದರು. ನಾನು ಲಾಭ ಮಾಡಿಕೊಂಡ ವ್ಯಾಪಾರಿಯ ಹಾಗೆ ಒಬ್ಬಳೇ ಊರಿಗೆ ನಡೆದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಮನೆ ಮುಟ್ಟಿ ಕಾಲು ತೊಳೆಯುವಾಗ ಅತ್ತೆ ಒಂದೇ ಮಾತು ಕೇಳಿದರು: ಮುಯ್ಯಿಗೆ ಯಾರು ಹೋಗುತ್ತಾರೆ? ನನ್ನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು.

ಮುಯ್ಯಿ ಎಂದರೆ ನಮ್ಮಲ್ಲಿ ಆಳಿಗೆ ಆಳು. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿ ಕೊಟ್ಟು ಆಳು ಕರೆಯುವ ಶಕ್ತಿ ಒಂಬತ್ತು ಮನೆಯಲ್ಲಿ ಒಬ್ಬರಿಗೂ ಇರಲಿಲ್ಲ. ನೆಟ್ಟಿಯ, ಅಂದರೆ ಭತ್ತದ ನಾಟಿಯ ಕಾಲದಲ್ಲಿ ದುಡ್ಡು ಕೊಟ್ಟರೂ ಆಳು ಸಿಗುತ್ತಿರಲಿಲ್ಲ. ಒಂಬತ್ತು ಮನೆಯವರೂ ಸೇರಿ ದಿನಕ್ಕೊಂದು ಮನೆಯ ಗದ್ದೆ ನೆಟ್ಟು ಮುಗಿಸುವುದು, ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ. ನಮ್ಮದು ಎಲ್ಲಕ್ಕಿಂತ ಕೆಳಗೆ, ನಮ್ಮ ಸರದಿ ಕೊನೆಗೆ. ಬೇಸಿಗೆಯಲ್ಲಿ ನಮ್ಮ ಗದ್ದೆಯ ಒಡ್ಡು ಒಡೆದಾಗ ಕೇರಿಯಿಂದ ಹನ್ನೊಂದು ಗಂಡಾಳು ಬಂದು ಕಟ್ಟಿಕೊಟ್ಟಿದ್ದರು. ಆ ಹನ್ನೊಂದನ್ನು ನಮ್ಮವರು ನೆಟ್ಟಿಯಲ್ಲಿ ತೀರಿಸಬೇಕಿತ್ತು. ತೀರಿಸಿದ ಮೇಲೆ ಇನ್ನೂ ದುಡಿದರೆ ಮಾತ್ರ ನಮ್ಮ ಗದ್ದೆಗೆ ಜನ ಬರುತ್ತಿದ್ದರು.

ನಾನು ದಿನವನ್ನು ಕೂಲಿಯ ಲೆಕ್ಕದಲ್ಲಿ ಎಣಿಸಿದ್ದೆ. ಮಾಘ ಮಾಸದ ಮೂವತ್ತು ದಿನವೂ ನೆಟ್ಟಿಯ ಮೂವತ್ತು ದಿನವೂ ಒಂದೇ ಎಂದು ತಿಳಿದಿದ್ದೆ. ಗದ್ದೆಯ ಮಣ್ಣಿನಲ್ಲಿ ಹುಟ್ಟಿ ಬೆಳೆದವಳು ಮಾಡುವ ತಪ್ಪೇ ಅದು? ಕೋರ್ಟಿನ ಕಟ್ಟೆ ಮೇಲೆ ನಿಂತಾಗ ಶಾಲೆಯ ಲೆಕ್ಕ ತಲೆಗೆ ಬಂತು, ಗದ್ದೆಯ ಲೆಕ್ಕ ಬರಲಿಲ್ಲ. ಇವತ್ತಿಗೂ ಆ ಸಿಟ್ಟು ನನಗೆ ನನ್ನ ಮೇಲೇ ಇದೆ.

ಇನ್ನೂ ದೊಡ್ಡ ಭಯ ಬೇರೆ ಇತ್ತು. ಉಳುವವನಿಗೇ ಗದ್ದೆ ಎನ್ನುವ ಕಾಯಿದೆ ಬರುತ್ತದಂತೆ ಎಂಬ ಸುದ್ದಿ ಆಗಲೇ ಹರಿದಾಡುತ್ತಿತ್ತು. ಒಡೆಯರುಗಳು ಒಕ್ಕಲನ್ನು ಬಿಡಿಸಲು ನೆಪ ನೋಡುತ್ತಿದ್ದರು. ಒಂದು ವರ್ಷ ಗದ್ದೆ ಪಾಳು ಬಿದ್ದರೆ ಅದಕ್ಕಿಂತ ಒಳ್ಳೆಯ ನೆಪ ಯಾವುದು? ಹೋದ ಗದ್ದೆ ತಿರುಗಿ ಸಿಗುವುದಿಲ್ಲ. ಗದ್ದೆ ಹೋದರೆ ನಾವು ಬರೀ ಕೂಲಿಯವರು.

ಹತ್ತು ದಿನ ಕಳೆದ ಮೇಲೆ ಒಡೆಯರು ಹೇಳಿಕಳಿಸಿದರು. ಹೋಗಿ ಅಂಗಳದಲ್ಲಿ ನಿಂತೆ. ಅವರು ಜಗಲಿಯ ಮೇಲೆ ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಕೆಟ್ಟ ಮನುಷ್ಯರೇನಲ್ಲ. ಮಗಳು ಹುಟ್ಟಿದಾಗ ಬಾಣಂತಿಗೆಂದು ಬೆಲ್ಲ ಕಳಿಸಿಕೊಟ್ಟವರು. ಒಳಗಿಂದ ಅವರ ತಾಯಿ, "ಪಾಪ, ಅದು ಎಂತ ಮಾಡ್ತು, ಗಂಡ ಇಲ್ಲೆ," ಎನ್ನುವುದು ಕೇಳಿಸಿತು. ಆ ಪಾಪ ನನ್ನ ಮೈಗೆ ಚುರುಗುಟ್ಟಿತು.

ಒಡೆಯರು ಸಮಾಧಾನದಿಂದಲೇ ಮಾತಾಡಿದರು. ಕಳೆದ ಹತ್ತು ದಿನ ಮುರಿದುಕೊಂಡು ಉಳಿದ ಇಪ್ಪತ್ತು ದಿನದ ದಂಡ ಕಟ್ಟಿದರೆ ನಾಳೆಯೇ ಬಿಡುತ್ತಾರೆ, ಆ ದುಡ್ಡು ತಾವು ಕಟ್ಟುತ್ತೇವೆ, ವಾಪಸು ಕೊಡುವುದೇ ಬೇಡ ಎಂದರು. ನನ್ನ ಎದೆ ಹಗುರಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಒಂದು ಕಾಗದ ಮುಂದಿಟ್ಟರು. ಇದಕ್ಕೆ ಶಿರಸಿಗೆ ಹೋಗಿ ಗಂಡನ ಹೆಬ್ಬೆಟ್ಟು ಹಾಕಿಸಿಕೊಂಡು ಬಾ, ಹೇಗೂ ಈ ವರ್ಷ ನೆಟ್ಟಿ ನಿಮ್ಮಿಂದ ಆಗುವುದಿಲ್ಲ, ಮುಂದಿನ ವರ್ಷದ್ದು ಆಮೇಲೆ ನೋಡೋಣ ಎಂದರು.

ನನಗೆ ಓದಲು ಬರುತ್ತದೆ ಎಂಬುದು ಅವರಿಗೆ ಮರೆತಿತ್ತೋ, ಗೊತ್ತೇ ಇರಲಿಲ್ಲವೋ. ಕಾಗದ ಎತ್ತಿಕೊಂಡು ಓದಿದೆ. ಮೇಲೆ ರಾಜೀನಾಮೆ ಎಂದಿತ್ತು. ಕೆಳಗೆ, ಸದರಿ ಗದ್ದೆಯನ್ನು ನಾವು ಸ್ವಖುಷಿಯಿಂದ ಮಾಲೀಕರಿಗೆ ಬಿಟ್ಟುಕೊಟ್ಟಿದ್ದೇವೆ ಎಂದಿತ್ತು. ಎರಡು ಸಲ ಓದಿದೆ. ಮಡಚಿ ಜಗಲಿಯ ಅಂಚಿನಲ್ಲಿ ಇಟ್ಟೆ.

"ಇದ್ರಲ್ಲಿ ಸ್ವಖುಷಿ ಅಂತ ಬರ್ದಿದೆ ಒಡೇರೆ. ನಂಗೆ ಖುಷಿ ಇಲ್ಲ."

ಅವರ ಅಡಕತ್ತರಿ ನಿಂತಿತು. "ಆನು ನಿನ್ನ ಒಳ್ಳೇದಕ್ಕೇ ಹೇಳ್ತಾ ಇದ್ದಿ," ಎಂದರು. ಆರಿದ್ರೆ ಮಳೆ ಮುಗಿಯುವುದರೊಳಗೆ ನೆಟ್ಟಿ ಆಗದಿದ್ದರೆ ಗದ್ದೆಯನ್ನು ಬೇರೆಯವರಿಗೆ ಕೊಡುವುದಾಗಿಯೂ ಹೇಳಿದರು. ಆರಿದ್ರೆ ಮುಗಿಯಲು ಇನ್ನು ಎರಡು ವಾರ. ನಮ್ಮವರು ಬರುವುದು ಅದು ಮುಗಿದು ಒಂದು ವಾರಕ್ಕೆ.

ಮನೆಗೆ ಬಂದು ಹೇಳಿದಾಗ ಅತ್ತೆ ಸೌಟು ಎಸೆದರು. ನನ್ನ ಮಗ ನಾಳೆ ಮನೆಗೆ ಬರುತ್ತಿದ್ದ, ನಿನ್ನ ಸೊಕ್ಕಿಗೆ ಅವನು ಇನ್ನೂ ಇಪ್ಪತ್ತು ದಿನ ಕಂಬಿ ಎಣಿಸಬೇಕು ಎಂದು ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಕೋರ್ಟು ಅವನನ್ನು ಹಿಡಿದು ನಮ್ಮನ್ನು ಶಿಕ್ಷಿಸುತ್ತಿದೆ ಎಂದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವರು ಅಳುತ್ತಾ ಮಲಗಿದರು. ನನಗೆ ಅಳು ಬರಲಿಲ್ಲ. ನಾನು ಮತ್ತೆ ಲೆಕ್ಕ ಶುರು ಮಾಡಿದೆ, ಈ ಸಲ ಗದ್ದೆಯ ಲೆಕ್ಕ.

ಎತ್ತುಗಳು ಕೊಟ್ಟಿಗೆಯಲ್ಲಿ ಸುಮ್ಮನೆ ನಿಂತಿದ್ದವು. ಮುಯ್ಯಿಯಲ್ಲಿ ಒಂದು ಜೊತೆ ಎತ್ತಿನ ದಿನ ಒಂದು ಗಂಡಾಳಿಗೆ ಸಮ. ಹೊಡೆಯುವವರನ್ನು ಅವರೇ ಹುಡುಕಿಕೊಳ್ಳಲಿ, ಎತ್ತು ನಾನು ಕೊಡುತ್ತೇನೆ, ಜೊತೆಗೆ ನಾನೂ ನೆಡಲು ಹೋಗುತ್ತೇನೆ. ಉಳಿದ ಎಂಟು ಮನೆಗೆ ಎಂಟು ದಿನ. ಎತ್ತಿನದು ಎಂಟು, ನನ್ನದು ಎಂಟು, ಹದಿನಾರು. ಹನ್ನೊಂದು ತೀರಿಸಿದರೆ ಐದು ಆಳು ನಮ್ಮ ಗದ್ದೆಗೆ ಬರಬೇಕು. ಐದು ಆಳು, ನಾನು, ಅತ್ತೆ. ಎಳೆದಾಡಿ ಮುಗಿಸಬಹುದು. ನಮ್ಮವರು ಹೋಗುವ ಮೊದಲೇ ಬೇರೆಯವರ ನೇಗಿಲು ತಂದು ಎರಡು ಸಾಲು ಹೂಟಿ ಮಾಡಿಟ್ಟಿದ್ದರು.

ಬೆಳಿಗ್ಗೆ ಬುದವಂತರ ಮನೆಗೆ ಹೋದೆ. ಬುದವಂತ ಎಂದರೆ ನಮ್ಮ ಕೇರಿಗೆ ನ್ಯಾಯ ಹೇಳುವ ಹಿರಿಯ. ಮುಯ್ಯಿಯ ಲೆಕ್ಕ ಇರುವುದೂ ಅವರ ಮನೆಯ ಗೋಡೆಯ ಮೇಲೆ. ಕೆಮ್ಮಣ್ಣು ಸಾರಿಸಿದ ಜಗಲಿಯ ಗೋಡೆಯಲ್ಲಿ ಒಂದೊಂದು ಮನೆಗೆ ಒಂದೊಂದು ಜಾಗ, ದಿನದ ಕೊನೆಗೆ ಬೆರಳನ್ನು ಸುಣ್ಣದಲ್ಲಿ ಅದ್ದಿ ಗೀಟು ಎಳೆಯುವರು. ಗಂಡಸಿನ ದಿನಕ್ಕೆ, ಜೊತೆ ಎತ್ತಿನ ದಿನಕ್ಕೆ ಗೇಣುದ್ದದ ಗೀಟು. ಹೆಂಗಸಿನ ದಿನಕ್ಕೆ ಅದರ ಅರ್ಧ.

ನಾನು ಅದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೆ. ಆದರೂ ಎಣಿಸುವಾಗ ನನ್ನನ್ನು ಇಡೀ ಆಳು ಎಂದೇ ಎಣಿಸಿದ್ದೆ. ಬುದವಂತರು ನನ್ನ ಮಾತೆಲ್ಲ ಕೇಳಿ, ಎತ್ತು ಕೊಡುವುದು ಸರಿ, ನ್ಯಾಯವಾದ ಮಾತು ಎಂದರು. ಆಮೇಲೆ ಬೆರಳು ಮಡಚಿ ಎತ್ತಿನದು ಎಂಟು, ನಿನ್ನದು ನಾಲ್ಕು, ಹನ್ನೆರಡು, ಹನ್ನೊಂದು ಹೋದರೆ ಒಂದು ಆಳು ನಿಮ್ಮ ಗದ್ದೆಗೆ ಬರುತ್ತದೆ ಎಂದರು. ಒಂದು ಆಳಿನಿಂದ ಅಷ್ಟು ಗದ್ದೆ ಆರಿದ್ರೆಯೊಳಗೆ ನೆಡುವುದು ಕನಸಿನ ಮಾತು. ನೆಟ್ಟಿ ಹೆಂಗಸರ ಕೆಲಸ ಅಲ್ಲವೇ ಅಜ್ಜಾ, ಗಂಡಸರು ಹೂಡಿ ದಡ ಹತ್ತುತ್ತಾರೆ, ಸಂಜೆವರೆಗೆ ಬಗ್ಗಿದವರು ನಾವು, ಅದು ಹೇಗೆ ಅರ್ಧ ಎಂದು ಕೇಳಿದೆ. ಅವರು ನಕ್ಕರು. ಅಜ್ಜನ ಕಾಲದಿಂದ ಬಂದದ್ದು, ನಿನ್ನ ಒಬ್ಬಳಿಗಾಗಿ ಗೋಡೆ ಬದಲಿಸಲಾಗುವುದಿಲ್ಲ ಎಂದರು.

ಅವರ ಮನೆಯಲ್ಲಿ ದುಡಿಯುವ ಗಂಡುಮಕ್ಕಳು ನಾಲ್ಕು. ಅರ್ಧ ಗೀಟಿನ ಪದ್ಧತಿ ಯಾರಿಗೆ ಲಾಭ ಎಂದು ಹೇಳಲು ನಾಲ್ಕನೇ ಇಯತ್ತೆ ಬೇಕಾಗಿರಲಿಲ್ಲ. ಆದರೆ ಆಗ ಬಾಯಿ ಮುಚ್ಚಿಕೊಂಡು ಬಂದೆ. ಹೆಂಗಸಿನ ಮಾತೂ ಆ ಗೋಡೆಯಲ್ಲಿ ಅರ್ಧವೇ ಎಂದು ಗೊತ್ತಾಗಿತ್ತು.

ಮೊದಲ ದಿನದ ನೆಟ್ಟಿ ಬುದವಂತರ ಗದ್ದೆಯಲ್ಲೇ. ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೋಗಿ ಅವರ ಮಗನ ಕೈಗೆ ಹಗ್ಗ ಕೊಟ್ಟೆ. ಮಳೆಗೆ ತಲೆ ಬೆನ್ನು ಮುಚ್ಚುವ ಎಲೆಯ ಗೊರಬು ಹಾಕಿಕೊಂಡು ಹೆಂಗಸರ ಸಾಲಿನಲ್ಲಿ ಇಳಿದೆ. ಅಂದು ನೆಟ್ಟ ಹಾಗೆ ನಾನು ಎಂದೂ ನೆಟ್ಟಿಲ್ಲ, ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದೆ. ಮಧ್ಯಾಹ್ನ ಗಂಜಿ ಆಯಿತು. ಎಲ್ಲರೂ ತಿರುಗಿ ಗದ್ದೆಗೆ ಇಳಿದರು. ನಾನು ಹರಿಯುವ ನೀರಿನಲ್ಲಿ ಕೈಕಾಲು ತೊಳೆದುಕೊಂಡು ದಡದ ಮೇಲೆ ಗೊರಬಿನೊಳಗೆ ಕೂತೆ.

ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಬುದವಂತರು ಆಚೆ ದಡದಿಂದ ಕೂಗಿದರು, ಎಂತಕ್ಕೆ ಕೂತಿದ್ದಿ, ಮೈಗೆ ಸರಿ ಇಲ್ಲವಾ ಎಂದು.

"ಮೈಗೆ ಎಂತದೂ ಆಗಿಲ್ಲ ಅಜ್ಜಾ. ನನ್ನ ಗೀಟು ಮುಗೀತು. ಎತ್ತಿಂದು ಉದ್ದದ ಗೀಟು, ಅವು ಸಂಜಿವರೆಗೆ ಹೂಡ್ಲಿ. ನಂದು ಅರ್ಧ, ನಾ ಕೂತೆ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನುದ್ದಕ್ಕೂ ಹೋಯಿತು. ಬುದವಂತರ ಮುಖ ಕಪ್ಪಿಟ್ಟಿತು, ಆದರೆ ಗೋಡೆ ಅವರದ್ದೇ. ಬೆಳಿಗ್ಗೆ ಕಿತ್ತ ಅಗೆ, ಅಂದರೆ ಭತ್ತದ ಸಸಿ, ಅಂದೇ ನೆಡಬೇಕು. ಆ ದಿನ ಕತ್ತಲಾದರೂ ಅವರ ಗದ್ದೆಯಲ್ಲಿ ನಾಲ್ಕಾರು ಕಟ್ಟು ಅಗೆ ಉಳಿದುಹೋಯಿತು.

ಸಂಜೆ ಅತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಬುದವಂತರನ್ನು ಎದುರು ಹಾಕಿಕೊಂಡರೆ ಕೇರಿಯಲ್ಲಿ ಬೆಂಕಿ ನೀರು ಕೊಡುವವರಿಲ್ಲ ಎಂದು ನನ್ನ ಮಗಳ ಹತ್ತಿರ ಹೇಳಿದರು, ನನಗೆ ಕೇಳುವಷ್ಟು ಗಟ್ಟಿಯಾಗಿ. ನನಗೂ ಹೆದರಿಕೆ ಇತ್ತು. ಆ ಒಂದು ಆಳೂ ತಪ್ಪಿದರೆ ಏನು ಗತಿ ಎಂದು ಮಗುವನ್ನು ತಬ್ಬಿಕೊಂಡು ಮಲಗಿದೆ. ಆದರೆ ಬೆಳಗಾದಾಗ ಹೆದರಿಕೆಗಿಂತ ಸಿಟ್ಟೇ ಮುಂದಿತ್ತು.

ಎರಡನೇ ದಿನ ಇನ್ನೊಬ್ಬರ ಗದ್ದೆ. ಗಂಜಿ ಉಂಡು ನಾನು ದಡಕ್ಕೆ ಹೋಗಿ ಕೂತೆ. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಗೊರಬು ಬಂದು ಕೂತಿತು. ಮೇಲಿನ ಮನೆಯ ವಿಧವೆ, ಮನೆಯಲ್ಲಿ ಗಂಡಾಳೇ ಇಲ್ಲದೆ ಪ್ರತಿ ವರ್ಷ ಅರ್ಧ ಗೀಟಿನಲ್ಲೇ ಸಾಲ ಹೊತ್ತವಳು. ಆಮೇಲೆ ಇನ್ನೆರಡು. ನಾಲ್ಕನೆಯದಾಗಿ ಬಂದು ಕೂತವಳನ್ನು ನೋಡಿ ನನಗೇ ಗಾಬರಿಯಾಯಿತು, ಬುದವಂತರ ಹಿರಿಸೊಸೆ. ಅವಳು ನನ್ನ ಮುಖ ನೋಡಲಿಲ್ಲ, ಸೆರಗಿನ ನೀರು ಹಿಂಡುತ್ತಾ, "ನಂಗೂ ಸೊಂಟ ನೋವು," ಎಂದಳು. ಹೀಗೆ ಐದು ಗೊರಬು ಒಂದು ಸಾಲಿನಲ್ಲಿ ಕೂತದ್ದನ್ನು ನೋಡಿ ಹೂಡುತ್ತಿದ್ದ ಗಂಡಸರು ನೇಗಿಲು ನಿಲ್ಲಿಸಿದರು. ಒಬ್ಬ ಇಳಿದು ನೆಡಲು ಹೋದ. ಅವನು ನೆಟ್ಟ ಸಾಲು ಕುಡುಕ ನಡೆದ ದಾರಿಯ ಹಾಗಿತ್ತು. ಹೆಂಗಸರು ನಕ್ಕು ನಕ್ಕು ಸುಸ್ತಾದರು.

ಆ ಸಂಜೆ ಬುದವಂತರು ನನ್ನನ್ನು ಕರೆಸಿದರು. ಜಗಲಿಯಲ್ಲಿ ಕೇರಿಯ ಗಂಡಸರೆಲ್ಲ ಇದ್ದರು. ಹೆಂಗಸರು ಅಂಗಳದ ಅಂಚಿನಲ್ಲಿ, ಕರೆಯದೆಯೇ ಬಂದಿದ್ದರು. ಅಗೆ ಬಲಿಯುತ್ತಿತ್ತು, ದಿನ ಓಡುತ್ತಿತ್ತು, ಎಲ್ಲರ ಗದ್ದೆಯೂ ಕಾಯುತ್ತಿತ್ತು. ನ್ಯಾಯಕ್ಕಿಂತ ಅದೇ ಅವರನ್ನು ಬಗ್ಗಿಸಿತು ಎಂದು ನನಗೆ ಗೊತ್ತು, ಅದಕ್ಕೆ ನನಗೇನೂ ಬೇಸರವಿಲ್ಲ. ಬುದವಂತರು ಕೆಮ್ಮಿ, ನೆಟ್ಟಿಯ ಮಟ್ಟಿಗೆ ಹೆಂಗಸಿನ ದಿನ ಇಡೀ ದಿನ, ಉಳಿದ ಕೆಲಸಕ್ಕೆ ಹಿಂದಿನ ಹಾಗೇ ಎಂದರು. ಸುಣ್ಣದ ಗಿಂಡಿ ಎತ್ತಿಕೊಳ್ಳಲು ಕೈ ಚಾಚಿದರು, ಆಮೇಲೆ ಏನನ್ನಿಸಿತೋ ಅದನ್ನು ನನ್ನ ಕಡೆ ತಳ್ಳಿದರು.

"ನೀನೇ ಎಳಿ. ಇಲ್ದಿದ್ರೆ ನಾಳೆ ಗೇಣು ಅಳೀತೆ ಅಂತ ಕೂತ್ಕೊಳ್ತಿ."

ನಾನು ಬೆರಳು ಅದ್ದಿ ನನ್ನ ಎರಡು ಮೋಟು ಗೀಟುಗಳನ್ನು ಉದ್ದ ಮಾಡಿದೆ. ಗೀಟು ಸ್ವಲ್ಪ ಸೊಟ್ಟ ಬಂತು. ಕೂತು ಕಳೆದ ಎರಡು ಅರ್ಧ ದಿನವನ್ನು ಇಟ್ಟುಕೊಳ್ಳುವಷ್ಟು ನಾಚಿಕೆಗೆಟ್ಟವಳಲ್ಲ ನಾನು. ಮುಂದಿನ ನಾಲ್ಕು ದಿನ ಬೆಳಕು ಹರಿಯುವ ಮೊದಲೇ ಹೋಗಿ ಅಗೆ ಕಿತ್ತು ಅದನ್ನು ತೀರಿಸಿದೆ.

ಒಂಬತ್ತನೇ ದಿನ ನಮ್ಮ ಗದ್ದೆ. ಗೋಡೆ ಹೇಳಿದಂತೆ ಐದು ಆಳು ಬಂದರು, ಒಂದು ಹೂಟಿಗೆ, ನಾಲ್ಕು ನೆಡಲು. ಅತ್ತೆ ಸೆರಗು ಕಟ್ಟಿ ಇಳಿದರು. ಇಳಿಯುವಾಗ ನನ್ನನ್ನು ನೋಡಿ, "ನನ್ನ ದಿನಾನೂ ಇಡೀ ಅಲ್ದಾ ಹಂಗಾರೆ?" ಎಂದರು. ಹತ್ತು ದಿನದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಬೇರೆಯವರಿಗೆ ಒಂದು ದಿನದಲ್ಲಿ ಮುಗಿದದ್ದು ನಮಗೆ ಮೂರು ದಿನ ಹಿಡಿಯಿತು. ಆಳು ಒಂದೇ ದಿನಕ್ಕೆ, ಉಳಿದೆರಡು ದಿನ ನಾವಿಬ್ಬರೇ ಬಗ್ಗಿದೆವು. ಆ ವಿಧವೆ ಮಾತ್ರ ಮರುದಿನವೂ ಬಂದಳು, ಗೋಡೆಗೆ ಹೇಳಬೇಡ ಎಂದಳು. ಆರಿದ್ರೆಯ ಕೊನೆಯ ದಿನ ಒಡೆಯರ ಮನೆಯ ಆಳು ಒಬ್ಬನನ್ನು ಕರೆದುಕೊಂಡು ಗದ್ದೆ ತೋರಿಸಲು ಬಂದ. ನಮ್ಮ ಜಾಗಕ್ಕೆ ಬರುವವನೇ ಇರಬೇಕು. ಅತ್ತೆ ಕೊನೆಯ ಮೂಲೆ ನೆಡುತ್ತಿದ್ದರು. ಇಬ್ಬರೂ ದಡದ ಮೇಲೆ ಸ್ವಲ್ಪ ಹೊತ್ತು ನಿಂತು, ಮಳೆ ಜೋರು ಎಂದು ಏನೋ ಹೇಳಿ ಹೋದರು.

ಮೂವತ್ತು ದಿನ ತುಂಬಿ ನಮ್ಮವರು ಬಂದರು. ಮುಖ ಬಿಳಿಚಿತ್ತು, ಸ್ವಲ್ಪ ದಪ್ಪಗಾಗಿದ್ದರು. ಸರಕಾರದ ಅಳಿಯ ಎಂದು ಕೇರಿಯವರು ತಮಾಷೆ ಮಾಡಿದರು. ಮನೆಗೆ ಬರುವ ಮೊದಲು ಗದ್ದೆಗೆ ಹೋಗಿದ್ದರಂತೆ. ಅಲ್ಲಿಂದ ಬುದವಂತರ ಜಗಲಿಗೆ. ಓದು ಬಾರದವರು, ಆದರೆ ಆ ಗೋಡೆ ಓದಲು ಬರುತ್ತಿತ್ತು. ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

"ನಮ್ಮನೆ ಜಾಗದಲ್ಲಿ ನನ್ನ ಗೀಟು ಒಂದೂ ಇಲ್ಲ," ಎಂದರು.

ಇಲ್ಲ ಎಂದೆ. ಹಾಗಾದರೆ ನಾಳೆಯಿಂದ ಯಾರ ಮನೆಗೆ ಹೋಗಲಿ ಎಂದು ಕೇಳಿದರು. ಎಲ್ಲೂ ಹೋಗಬೇಡಿ, ಮೊದಲು ಬಲದ ಎತ್ತಿನ ಕಾಲು ನೋಡಿ ಎಂದೆ. ನನ್ನ ಲೆಕ್ಕದಿಂದ ಜೈಲಿಗೆ ಹೋದ ಮನುಷ್ಯ ನನಗೆ ಒಂದು ಬೈಗುಳವನ್ನೂ ಹೇಳಲಿಲ್ಲ. ಹೇಳಿದ್ದರೆ ಹಗುರಾಗುತ್ತಿತ್ತು.

ಬಲದ ಎತ್ತು ವಯಸ್ಸಾದದ್ದು. ಎಂಟು ದಿನ ಬಿಡುವಿಲ್ಲದೆ, ಕಂಡವರ ಕೈಯಲ್ಲಿ, ಕೆಸರಿನಲ್ಲಿ ಹೂಡಿತ್ತು. ಮುಂಗಾಲು ಊದಿತ್ತು. ನಾಟಿ ಔಷಧ ಕಟ್ಟಿದೆವು, ಊತ ಇಳಿಯಿತು, ಕುಂಟು ಹೋಗಲಿಲ್ಲ. ದೀಪಾವಳಿ ಕಳೆದ ಮೇಲೆ ಶಿರಸಿ ಪೇಟೆಗೆ ಹೊಡೆದುಕೊಂಡು ಹೋದೆವು. ಬನವಾಸಿ ಕಡೆಯ ವ್ಯಾಪಾರಿಯೊಬ್ಬ ಸುತ್ತು ಬಂದು ನೋಡಿ, "ನೀವ ನೋಡ್ರಿ, ಕುಂಟ ಐತಲ್ರಿ ಇದು," ಎಂದು ಅರ್ಧ ಬೆಲೆಗೆ ಕೇಳಿದ. ಈ ಅರ್ಧವನ್ನು ಒಪ್ಪಿಕೊಂಡು ಹಗ್ಗ ಕೊಟ್ಟೆವು. ಆ ವರ್ಷದಿಂದ ಎರಡು ವರ್ಷ ಜೊತೆಯ ಇನ್ನೊಂದು ಎತ್ತನ್ನು ಬೇರೆಯವರಿಗೆ ಭತ್ತ ಅಳೆದುಕೊಟ್ಟು ತರಬೇಕಾಯಿತು. ಐವತ್ತು ರೂಪಾಯಿ ಉಳಿಸಲು ಹೋಗಿ ಅದರ ಎರಡರಷ್ಟು ಕಳೆದುಕೊಂಡೆವು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಆದರೆ ಗದ್ದೆ ಉಳಿಯಿತು. ಸುಗ್ಗಿಯಲ್ಲಿ ಗೇಣಿ ಭತ್ತವನ್ನು ಒಡೆಯರ ಮನೆಗೆ ಹೊತ್ತು ಹಾಕಿ, ಪಾವತಿ ಬರೆಸಿಕೊಂಡೇ ಅಂಗಳ ಬಿಟ್ಟೆ. ಅವರು ಬರೆಯುವಾಗ ನಾನು ನಿಂತು ಓದಿದೆ.

ಅದಾಗಿ ನಾಲ್ಕು ವರ್ಷಕ್ಕೆ ಬುದವಂತರು ತೀರಿಕೊಂಡಿದ್ದರು, ಗೋಡೆ ಅವರ ಹಿರಿಯ ಮಗನ ಕೈಯಲ್ಲಿತ್ತು. ಮಳೆ ಹಿಡಿದ ಒಂದು ಮಧ್ಯಾಹ್ನ ಕೇರಿಯ ಚಿಕ್ಕ ಹೆಂಗಸೊಬ್ಬಳು ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಮ್ಮ ಮನೆಗೆ ಬಂದಳು. ಅವಳ ಗಂಡ ಕಟ್ಟಿಗೆ ಕಡಿದು ಸಿಕ್ಕಿಬಿದ್ದಿದ್ದ. ನಲವತ್ತು ರೂಪಾಯಿ ಅಥವಾ ಇಪ್ಪತ್ತೊಂದು ದಿನ ಎಂದು ತೀರ್ಪಾಗಿತ್ತು. ದುಡ್ಡಿಲ್ಲ, ಅವನು ಆಗಲೇ ಒಳಗೆ ಹೋಗಿದ್ದ. ಅವಳ ಮುಖದಲ್ಲಿ ದುಃಖ ಹೆಚ್ಚಿರಲಿಲ್ಲ, ಏನೋ ಉಳಿಸಿದ ಸಮಾಧಾನವೇ ಇತ್ತು.

"ಇಪ್ಪತ್ತೊಂದೇ ದಿನ ಅಲ್ದಾ ಅಕ್ಕಾ. ಕೂತು ಉಂಡು ಬರ್ಲಿ ಅಂದೆ."

ಆ ಮಾತು ನನ್ನದು. ಜೈಲಿನ ದಿನವನ್ನು ನಾನು ಎಣಿಸಲಿಲ್ಲ. ಅಗೆ ಹಾಕಿ ಎಷ್ಟು ದಿನವಾಯಿತು ಎಂದು ಕೇಳಿದೆ. ಇಪ್ಪತ್ತು ಎಂದಳು, ಅಂದರೆ ನೆಟ್ಟಿಗೆ ಬಂದ ಅಗೆ. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ದೊಡ್ಡದಾಯಿತು, ಮುಂದಿನದನ್ನು ನಾನು ಹೇಳಬೇಕಾಗಲಿಲ್ಲ. ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಗೊರಬು ತೆಗೆದುಕೊಂಡು, ಅವಳ ಕೈ ಹಿಡಿದು ನೇರ ಬುದವಂತರ ಜಗಲಿಗೆ ನಡೆದೆ. ಹಿರಿಸೊಸೆ ಬಾಗಿಲಲ್ಲಿ ನಿಂತಿದ್ದಳು, ನಮ್ಮನ್ನು ನೋಡಿ ತಾನೇ ಒಳಗೆ ಹೋಗಿ ಸುಣ್ಣದ ಗಿಂಡಿ ತಂದಳು. ಅವಳ ಗಂಡ, ಈಗಿನ ಬುದವಂತ, ಯಾರ ಜಾಗದಲ್ಲಿ ಬರೆಯಬೇಕು ಎಂದು ಕೇಳಿದ.

"ಇವಳ ಮನೆ ಜಾಗದಲ್ಲಿ," ಎಂದೆ. "ನಾಳೆಯಿಂದ ನಾ ಇವಳ ಗಂಡನ ಬದ್ಲಿಗೆ ಹೋತೆ. ಗೀಟು ಉದ್ದ ಇರ್ಲಿ."